ಏಳನೆಯ ಖಾನೆ

ಮೊದಲ ಸಲ ಬಂದಾಗ ಅವನು
'ಬಿದೂನ್' ಅಂದ.
ನನಗೆ 'ಬೀದರ್' ಅಂತ ಕೇಳಿತು.
ಎದ್ದೇ ನಿಂತೆ. ಯಾವ ಓಣಿ, ಯಾರ ಪೈಕಿ
ಅಂತ ಕೇಳುವವನಿದ್ದೆ.
ಆಮೇಲೆ ತಿಳಿಯಿತು: ಬಿದೂನ್ ಅಂದರೆ ಇಲ್ಲದವ.
ಏನು ಇಲ್ಲದವ ಅಂತ
ಆ ಶಬ್ದವೂ ಹೇಳುವುದಿಲ್ಲ.

ಜಹ್ರಾದ ಹಳೆ ಮಾರ್ಕೆಟ್ಟಿನ ಹಿಂದೆ
ಚಾವಿ ಮಾಡುವವನಿಗೂ ಕೋಳಿ ಅಂಗಡಿಗೂ ನಡುವೆ
ನನ್ನ ಟೈಪಿಂಗ್ ಸೆಂಟರ್. ಎರಡು ಕುರ್ಚಿ, ಕೆಮ್ಮುವ ಏಸಿ.
ಇಪ್ಪತ್ತೆರಡು ವರ್ಷದಿಂದ ಬಲದಿಂದ ಎಡಕ್ಕೆ
ಮಂದಿಯ ಬದುಕು ಬಡಿಯುತ್ತಿದ್ದೇನೆ:
ಇಕಾಮಾ, ತಲಾಖು, ಕಳೆದ ಪಾಸ್‌ಪೋರ್ಟು,
ಓಡಿಹೋದ ಅಡುಗೆಯವಳ ಮೇಲೆ ಫಿರ್ಯಾದು.
ಹಾಳೆಗೆ ಅರ್ಧ ದಿನಾರ್.

ಮುತ್ಲಕ್ ಅವನ ಹೆಸರು.
ಹದಿನೆಂಟು ವರ್ಷ ಇದೇ ನೆಲದ ಸಿಪಾಯಿ,
ಈಗ ಪಿಕಪ್ಪಿನಲ್ಲಿ ಕಲ್ಲಂಗಡಿ.
ಎಣಿಸುವವರು ಬಂದ ವರ್ಷ ಅಜ್ಜನ ಗುಡಾರ
ಹುಲ್ಲಿದ್ದ ಕಡೆ ಸರಿದಿತ್ತಂತೆ.
ಅಷ್ಟೇ ತಪ್ಪು.

ಏಳನೆಯ ಖಾನೆ: ರಾಷ್ಟ್ರೀಯತೆ.
ಅಲ್ಲಿ ಕರ್ಸರ್ ಮಿಟುಕುತ್ತದೆ,
ಛಡಿ ಹಿಡಿದು ಕಾಯುವ ಮಾಸ್ತರನ ಕಣ್ಣಿನ ಹಾಗೆ.
ಬಿಟ್ಟರೆ ಅರ್ಜಿ ಮುಂದೆ ಹೋಗದು, ತುಂಬಿದರೆ ಸುಳ್ಳು.
'ಬೇರೆ ದೇಶದವ ಅಂತ ಸಹಿ ಹಾಕು, ಕಾರ್ಡು ಕೊಡ್ತೀವಿ'
ಅಂದರಂತೆ ಕಚೇರಿಯಲ್ಲಿ.
'ಕಾಣದ ಊರಿಗೆ ಹೇಗೆ ಮಗನಾಗಲಿ?'

ನನಗೆ ಖಾನೆಗಳ ಸಂಗತಿ ಗೊತ್ತು.
ಹುಮನಾಬಾದಿನ ಶಾಲೆಯಲ್ಲಿ ಪ್ರಭುದಾಸ ಅಂತ ಬರೆದು
ಪಕ್ಕದ ಖಾನೆಯನ್ನು ಹೆಡ್‌ಮಾಸ್ತರರು
ಕೇಳದೆಯೇ ತುಂಬಿದ್ದರು.
ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು
ಹೊಸ್ತಿಲಾಚೆ ನಿಂತಿದ್ದ. ಕೇಳುವುದೇನಿತ್ತು?
ಆ ಅಕ್ಷರ ನೀರಿನ ಕೊಡದವರೆಗೆ ಬಂತು,
ಬಾಡಿಗೆ ಮನೆಯ ಚಿಲಕದವರೆಗೆ,
ಸಮುದ್ರ ದಾಟಿದ ಮೇಲೂ ಇಲ್ಲಿಯ ಕೂಟದ ಪಂಕ್ತಿಯಲ್ಲಿ
ಮೊಸರು ಬಡಿಸುತ್ತ ಒಬ್ಬರು ಮೆಲ್ಲಗೆ ಕೇಳಿದರು:
'ಬೀದರ ಕಡೆ ಯಾರ ಪೈಕಿ?'

ಅಷ್ಟಕ್ಕೇ ನಾವು ಅಣ್ಣತಮ್ಮ ಆದೆವು ಅನ್ನಬೇಡಿ.
ವರ್ಷವಿಡೀ ಅವನು ಚಿಟಿಕೆ ಹೊಡೆದೇ ಕರೆದ: 'ಏ ಹಿಂದಿ.'
ಚಹಾ ತರುವ ಸಿಲ್ಹೆಟ್ಟಿನ ಹುಡುಗ ರೊಕಿಬುಲ್‌ನ ಬಣ್ಣಕ್ಕೆ
ಒಂದು ಮಾತು ಅಂದ. ನಾನು ನಕ್ಕೆ.
ಗಿರಾಕಿ ಅಲ್ಲವೆ ಅಂತ ನಕ್ಕೆ.
ಅಲ್ಲ, ಸುಮ್ಮನೆಯೂ ನಕ್ಕೆ.
ಹುಡುಗ ಸಕ್ಕರೆ ಹಾಕದೆ ಲೋಟ ಇಟ್ಟು ಹೋದ.

ಆ ಗುರುವಾರ ರಾತ್ರಿ ಬಂದದ್ದು ಅವನ ಮಗಳು, ಫಿದ್ದಾ.
ತೊಂಬತ್ತಾರು ಪರ್ಸೆಂಟ್. ಕಾಲೇಜೂ
ಏಳನೆಯ ಖಾನೆಯನ್ನೇ ಕೇಳಿತ್ತು.
'ಒಂದೇ ಶಬ್ದ. ದಪ್ಪ ಅಕ್ಷರ. ನಲವತ್ತು ಪ್ರತಿ.
ನಾಳೆ ಜುಮ್ಮಾ ಮುಗಿದ ಮೇಲೆ ಚೌಕಕ್ಕೆ.'
ಷಟರ್ ಅರ್ಧ ಎಳೆದೆ. ಕೈ ನಡುಗಿತು:
ನನ್ನನ್ನು ಸಾಗಹಾಕಲು ಒಂದು ಮುದ್ರೆ ಸಾಕು.
ಅವಳನ್ನು ಸಾಗಹಾಕಲು ಅವರ ಹತ್ತಿರ ಊರೇ ಇರಲಿಲ್ಲ.
ಟೈಪ್ ಮಾಡಿದೆ: ಮೌಜೂದ್.
ದುಡ್ಡು ತೆಗೆದುಕೊಂಡೆ.
ಲೆಕ್ಕದ ಪುಸ್ತಕದಲ್ಲಿ 'ಮದುವೆ ಆಮಂತ್ರಣ' ಅಂತ ಬರೆದೆ.

ನಾನು ಹೋಗಲಿಲ್ಲ.
ಮಾಳಿಗೆ ಮೇಲೆ ಒಣಗಿದ ಲುಂಗಿಗಳ ಸಂದಿಯಿಂದ ನೋಡಿದೆ.
ಬಿಳಿ ಹಾಳೆಗಳು ಎದ್ದವು.
ಮುಂದಿನ ಸಾಲಿನಲ್ಲಿ ಹಳೆ ಫೌಜಿ ಜಾಕೀಟು ತೊಟ್ಟ ಮುತ್ಲಕ್,
ಸಾಲು ಸರಿಪಡಿಸುತ್ತಿದ್ದ, ಪರೇಡಿನ ಹಾಗೆ.
ಆಮೇಲೆ ಜಾಳಿಗೆ ಬಸ್ಸುಗಳು. ಆಮೇಲೆ ನೀರು.

ಸಂಜೆ ರೊಕಿಬುಲ್ ಒದ್ದೆ ಹಾಳೆಯೊಂದನ್ನು ತಂದು
ಗಾಜಿಗೆ ಅಂಟಿಸಿ ಒಣಗಿಸಿದ.
ಮದರಸಾದಲ್ಲಿ ಕಲಿತ ಹಾಗೆ ಬೆರಳಿಟ್ಟು ಓದಿದ:
ಮೌ, ಜೂದ್.
'ಮೋಜುದ್', ನಮ್ಮಲ್ಲೂ ಹೀಗೇ ಅಂತೀವಿ, ಅಂದ.
ನಮ್ಮಲ್ಲೂ, ಅಂದೆ ನಾನು. ಮಸೀದಿ ಓಣಿಯ ಗೆಳೆಯರ ಮನೆಯಲ್ಲಿ
ಕರೆದರೆ ಒಳಗಿಂದ ಇದೇ ಬರುತ್ತಿತ್ತು.

ಇಪ್ಪತ್ತು ದಿನವಾಯಿತು. ಮುತ್ಲಕ್ ಇನ್ನೂ ಒಳಗೇ.
ಫಿದ್ದಾ ಅಪ್ಪನ ಫೈಲು ತಂದು ಕುರ್ಚಿ ಎಳೆದಳು.
ಬಡಿಯುತ್ತ ಏಳನೆಯ ಖಾನೆಗೆ ಬಂದೆ,
ಆ ಶಬ್ದವನ್ನೇ ಹಾಕಿ ನೋಡಿದೆ.
ಕೆಂಪು ಗೆರೆ ಬಂತು. ಅಮಾನ್ಯ.
'ಮತ್ತೆ ಹೊಡಿ' ಅಂದಳು.

ರೊಕಿಬುಲ್ ಚಹಾ ಇಟ್ಟ.
ಅವಳದಕ್ಕೆ ಎರಡು ಚಮಚ ಸಕ್ಕರೆ.
ನನ್ನದಕ್ಕೆ ಇನ್ನೂ ಇಲ್ಲ.